ಹುಲ್ಲಿನ ಬೆಂಕಿ, ಅರಣಿಯ ಬೆಂಕಿ

(ಸಾಗರದ ಕಡೆಯ ಒಂದು ಮನೆಯ ಜಗುಲಿ. ಜುಲೈ ತಿಂಗಳ ಬಿಡದ ಮಳೆ. ಒಬ್ಬರು ಪದವಿಪೂರ್ವ ಕಾಲೇಜಿನಲ್ಲಿ ತರ್ಕಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು. ಇನ್ನೊಬ್ಬಳು ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವ ಅವರ ತಮ್ಮನ ಮಗಳು. ಇಬ್ಬರ ನಡುವೆ, ತೋಟದಲ್ಲಿ ಉದುರಿ ಬಿದ್ದ ಹಸಿ ಅಡಿಕೆಕಾಯಿಗಳ ಒಂದು ಬುಟ್ಟಿ.)

— ದೊಡ್ಡಪ್ಪ, ಈ ಕಾರಣ-ಪರಿಣಾಮದ ಪ್ರಶ್ನೆಗಳಲ್ಲಿ ಹತ್ತಕ್ಕೆ ಐದು ತಪ್ಪಾಗ್ತಿವೆ. ಎರಡು ಹೇಳಿಕೆ ಕೊಟ್ಟು ಯಾವುದು ಕಾರಣ, ಯಾವುದು ಪರಿಣಾಮ ಅಂತ ಕೇಳಿದರೆ ಹೇಗೋ ಮಾಡ್ತೇನೆ. ಒಂದೇ ಪರಿಣಾಮ ಕೊಟ್ಟು ಅದರ ಕೆಳಗೆ ನಾಲ್ಕು ಕಾರಣ ಬರೆದುಬಿಟ್ಟರೆ ತಲೆ ಓಡೋದಿಲ್ಲ.

— ಒಂದು ಓದು, ಕೇಳೋಣ.

— 'ನಗರದಲ್ಲಿ ಈರುಳ್ಳಿ ಬೆಲೆ ಒಂದೇ ವಾರದಲ್ಲಿ ಎರಡು ಪಟ್ಟಾಯಿತು.' ಇದಕ್ಕೆ ಕಾರಣ ಯಾವುದು ಆಗಿರಬಹುದು? ಒಂದು, ಬೆಳೆಯುವ ಕಡೆ ಅಕಾಲದ ಮಳೆಯಾಗಿ ಈರುಳ್ಳಿ ಕೊಳೆಯಿತು. ಎರಡು, ಲಾರಿ ಮುಷ್ಕರ ಶುರುವಾಯಿತು. ಮೂರು, ಜನ ಈರುಳ್ಳಿ ಕೊಳ್ಳುವುದನ್ನು ಕಡಿಮೆ ಮಾಡಿದರು. ನಾಲ್ಕು, ವರ್ತಕರು ದಾಸ್ತಾನು ಹಿಡಿದಿಟ್ಟರು. ನಾನು ಒಂದನೆಯದು ಮಾತ್ರ ಅಂತ ಬರೆದೆ.

— ಯಾಕೆ?

— ಅದೇ ದೊಡ್ಡ ಕಾರಣ ಅನ್ನಿಸಿತು.

— ದೊಡ್ಡದು ಯಾವುದು ಅಂತ ಅವರು ಕೇಳಿಲ್ಲವಲ್ಲ ಕೂಸೇ. 'ಆಗಿರಬಹುದು' ಅಂತ ಕೇಳಿದ್ದಾರೆ. ಒಂದು, ಎರಡು, ನಾಲ್ಕು, ಈ ಮೂರರಲ್ಲಿ ಪ್ರತಿಯೊಂದೂ ತಾನೊಂದೇ ಬೆಲೆ ಏರಿಸಬಲ್ಲದು. ಮೂರನೆಯದು ಮಾತ್ರ ಬೇರೆ. ಬೆಲೆ ಏರಿದ ಮೇಲೆ ಜನ ಕೊಳ್ಳುವುದನ್ನು ಕಡಿಮೆ ಮಾಡುತ್ತಾರೆ. ಅದು ಪರಿಣಾಮ, ಕಾರಣದ ವೇಷ ಹಾಕಿಕೊಂಡು ಸಾಲಿನಲ್ಲಿ ನಿಂತಿದೆ. ನಿನಗೆ ಆ ವೇಷ ಗೊತ್ತಾಯಿತೇ?

— ಗೊತ್ತಾಯಿತು. ಆದರೆ ಮಿಕ್ಕ ಮೂರೂ ಸರಿ ಅಂದರೆ ನನಗೆ ಸಮಾಧಾನ ಇಲ್ಲ. ನಿಜವಾದ ಕಾರಣ ಒಂದೇ ಇರಬೇಕಲ್ಲ?

— ಆ 'ಒಂದೇ ಇರಬೇಕು' ಅನ್ನುವುದೇ ನಿನ್ನ ಅರ್ಧ ಅಂಕ ತಿನ್ನುತ್ತಿರುವುದು. ನಮ್ಮ ಹಳೆಯ ತರ್ಕಶಾಸ್ತ್ರಜ್ಞರಾದ ನೈಯಾಯಿಕರು ಇದನ್ನು ನೂರಾರು ವರ್ಷ ಜಗ್ಗಾಡಿದ್ದಾರೆ. ಅವರಲ್ಲಿ ಎರಡು ಹೆಸರುಗಳಿವೆ, ಬಾಯಿಪಾಠ ಮಾಡಿಕೊಳ್ಳುವಷ್ಟು ಚೆನ್ನಾಗಿವೆ. ಒಂದು, ತೃಣ-ಅರಣಿ-ಮಣಿ ನ್ಯಾಯ. ಬೆಂಕಿ ಒಣಹುಲ್ಲಿನಿಂದ ಹುಟ್ಟುತ್ತದೆ, ಅರಣಿ ಕಡೆದರೆ ಹುಟ್ಟುತ್ತದೆ, ಬಿಸಿಲಿಗೆ ಸೂರ್ಯಕಾಂತ ಮಣಿ ಹಿಡಿದರೂ ಹುಟ್ಟುತ್ತದೆ. ಒಂದಿದ್ದರೆ ಇನ್ನೊಂದು ಬೇಡ. ಇನ್ನೊಂದು, ದಂಡ-ಚಕ್ರ ನ್ಯಾಯ. ಮಡಕೆ ಆಗಬೇಕಾದರೆ ಮಣ್ಣು ಬೇಕು, ಚಕ್ರ ಬೇಕು, ಅದನ್ನು ತಿರುಗಿಸುವ ಕೋಲು ಬೇಕು, ಕುಂಬಾರ ಬೇಕು. ಒಂದು ಇಲ್ಲದಿದ್ದರೂ ಮಡಕೆ ಇಲ್ಲ.

— ಅಂದರೆ 'ಅಥವಾ' ಮತ್ತು 'ಮತ್ತು'.

— ಹೌದು, ಆದರೆ 'ಅಥವಾ' ಅಂದರೆ ಕಣ್ಣಿಗೆ ಏನೂ ಕಾಣುವುದಿಲ್ಲ. ಹುಲ್ಲು, ಅರಣಿ, ಮಣಿ ಅಂದರೆ ಕಾಣುತ್ತದೆ. ಯಾವ ಪ್ರಶ್ನೆ ಬಂದರೂ ಮೊದಲು ಇದನ್ನು ಕೇಳು: ಇದು ಹುಲ್ಲಿನ ಸಾಲೋ, ಕೋಲಿನ ಸಾಲೋ? ಯಾಕೆಂದರೆ ಇವೆರಡರಲ್ಲಿ ಹಿಂದಕ್ಕೆ ಊಹಿಸುವ ದಾರಿ ತಿರುಗುಮುರುಗು. ಮಡಕೆ ಕಂಡಿತು ಅಂತಿಟ್ಟುಕೋ. ಏನು ಹೇಳಬಹುದು?

— ಮಣ್ಣೂ ಇತ್ತು, ಚಕ್ರವೂ ಇತ್ತು, ಕೋಲೂ ಇತ್ತು.

— ಬೆಂಕಿ ಕಂಡಿತು?

— ಮೂರರಲ್ಲಿ ಯಾವುದೋ ಒಂದು ಇತ್ತು. ಯಾವುದು ಅಂತ ಹೇಳಕ್ಕಾಗಲ್ಲ.

— ಮಡಕೆ ಆಗಲಿಲ್ಲ?

— ಏನೋ ಒಂದು ಇರಲಿಲ್ಲ. ಯಾವುದು ಅಂತ ಗೊತ್ತಿಲ್ಲ. ಓಹೋ... ಬೆಂಕಿ ಹುಟ್ಟಲಿಲ್ಲ ಅಂದರೆ ಮೂರೂ ಇರಲಿಲ್ಲ ಅಂತ ಖಚಿತವಾಗಿ ಹೇಳಬಹುದು.

— ನೋಡು. ಒಂದರಲ್ಲಿ ಪರಿಣಾಮ ಇದ್ದಾಗ ನಮಗೆ ಎಲ್ಲ ಗೊತ್ತಾಗುತ್ತದೆ, ಇಲ್ಲದಾಗ ಕತ್ತಲು. ಇನ್ನೊಂದರಲ್ಲಿ ಪರಿಣಾಮ ಇಲ್ಲದಾಗ ಎಲ್ಲ ಗೊತ್ತಾಗುತ್ತದೆ, ಇದ್ದಾಗ ಕತ್ತಲು. ಪರೀಕ್ಷೆಯ ಪ್ರಶ್ನೆ ಮಾಡುವವರು ಯಾವಾಗಲೂ ಈ ಕತ್ತಲ ಕಡೆಯಿಂದಲೇ ತಪ್ಪು ಉತ್ತರ ತಂದು ಇಡುತ್ತಾರೆ. ಮಳೆ ಬಂದರೆ ಅಂಗಳ ಒದ್ದೆಯಾಗುತ್ತದೆ, ಅಂಗಳ ಒದ್ದೆಯಾಗಿದೆ, ಆದ್ದರಿಂದ ಮಳೆ ಬಂದಿದೆ. ನಿಮ್ಮಮ್ಮ ಬೆಳಿಗ್ಗೆ ನೀರು ಚಿಮುಕಿಸಿದ್ದು ಎಲ್ಲಿ ಹೋಯಿತು?

— ಒಂದು ಅನುಮಾನ. ಮೊನ್ನೆ ಹೊಳೆ ಹತ್ತಿರದ ಪಂಪಿನಲ್ಲಿ ನೀರು ಬರಲಿಲ್ಲ. ಕರೆಂಟಿನ ಒಂದು ಫೇಸ್ ಇರಲಿಲ್ಲವೋ, ಫ್ಯೂಸ್ ಹೋಗಿತ್ತೋ, ಸ್ಟಾರ್ಟರ್ ಕೆಟ್ಟಿತ್ತೋ, ಫುಟ್‌ವಾಲ್ವ್ ನೀರು ಬಿಟ್ಟಿತ್ತೋ. ಇದು ಹುಲ್ಲಿನ ಸಾಲು ತಾನೇ? ಆದರೆ ನೀರು ಬರಬೇಕಾದರೆ ಇವೆಲ್ಲ ಸರಿಯಾಗಿರಬೇಕು, ಅದು ಕೋಲಿನ ಸಾಲು. ಎರಡೂ ಒಂದೇ ಪಂಪು!

— ನಾನು ಮೂವತ್ತು ವರ್ಷ ಪಾಠ ಮಾಡಿದ್ದರಲ್ಲಿ ಇದನ್ನು ತಾವಾಗಿಯೇ ಕೇಳಿದವರು ಕಡಿಮೆ. ಹೌದು, ಪಂಪು ಒಂದೇ. ನೀರು ಬರುವುದನ್ನು ಪರಿಣಾಮ ಅಂದುಕೊಂಡರೆ ಎಲ್ಲವೂ ಬೇಕು. ನೀರು ನಿಲ್ಲುವುದನ್ನು ಪರಿಣಾಮ ಅಂದುಕೊಂಡರೆ ಒಂದು ಕೆಟ್ಟರೂ ಸಾಕು. 'ಇಲ್ಲ' ಅನ್ನುವ ಮಾತು ಸೇರಿದ ಕೂಡಲೇ 'ಮತ್ತು' ಹೋಗಿ 'ಅಥವಾ' ಆಗುತ್ತದೆ. ನಿಮ್ಮ ಪುಸ್ತಕದಲ್ಲಿ ಡಿ ಮಾರ್ಗನ್ ನಿಯಮ ಅಂತ ಇರಬೇಕಲ್ಲ, ಅದು ಇದೇ. ಆ ಅಗಸ್ಟಸ್ ಡಿ ಮಾರ್ಗನ್ ಹುಟ್ಟಿದ್ದು ನಮ್ಮ ಮದುರೈಯಲ್ಲಿ, 1806ರಲ್ಲಿ. ಅದಿರಲಿ. ಮಂಗನ ಕಾಯಿಲೆಗೂ ಇದೇ ಲೆಕ್ಕ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಜನ ಜ್ವರದಲ್ಲಿ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ವೈರಸ್ ಹಿಡಿದರು, ಅದನ್ನು ಹರಡುವ ಉಣುಗನ್ನೂ ಹಿಡಿದರು. ಕಾರಣ ಯಾವುದು ಹೇಳು: ವೈರಸ್ಸೋ, ಉಣುಗೋ, ಮಂಗವೋ, ದರಗು ತರಲು ಕಾಡಿಗೆ ಹೋದ ಮನುಷ್ಯನೋ?

— ಎಲ್ಲ ಸೇರಿ.

— ಅದಕ್ಕೇ ಕಾಡಿಗೆ ಹೋಗುವವರು ಮೈಗೆ ಎಣ್ಣೆ ಹಚ್ಚಿಕೊಂಡು ಉಣುಗು ಕಚ್ಚದ ಹಾಗೆ ನೋಡಿಕೊಂಡರೆ ಕಾಯಿಲೆ ತಪ್ಪುತ್ತದೆ. ವೈರಸ್ಸನ್ನು ಯಾರೂ ಕೊಲ್ಲಬೇಕಾಗಿಲ್ಲ. ಕೋಲಿನ ಸಾಲಿನಲ್ಲಿ ಕೈಗೆ ಎಟಕುವ ಒಂದು ಕೊಂಡಿ ಬಿಚ್ಚಿದರೆ ಸಾಕು. ಹುಲ್ಲಿನ ಸಾಲಿನಲ್ಲಿ ಹಾಗಲ್ಲ, ಎಲ್ಲ ಬಾಗಿಲನ್ನೂ ಹಾಕಬೇಕು. ಒಂದು ಹಾಕಿ ಮಲಗಿದರೆ ಇನ್ನೊಂದರಿಂದ ಬರುತ್ತದೆ. ಇದು ಬರೀ ಪರೀಕ್ಷೆಯ ಮಾತಲ್ಲ.

— ಈ ಬುಟ್ಟಿಯ ಮಾತೂ ಹೌದಾ?

— ಇದರದೇ. ನಾಲ್ಕು ವರ್ಷದ ಹಿಂದೆ ಹೀಗೇ ಮಳೆ ಹಿಡಿದಾಗ ಕಾಯಿ ಉದುರಿತು. ಕೊಳೆರೋಗ ಅಂದುಕೊಂಡೆವು. ಕೊಳೆ ಔಷಧಿ ಹೊಡೆದಿದ್ದೆವು, ಆದರೂ ಉದುರುತ್ತಿದೆ, ಅಂದಮೇಲೆ ಹೊಡೆದವನು ಸರಿಯಾಗಿ ಹೊಡೆದಿಲ್ಲ. ನಾನು, ತರ್ಕಶಾಸ್ತ್ರ ಪಾಠ ಮಾಡಿದವನು, ಮರ ಹತ್ತಿ ಔಷಧಿ ಹೊಡೆದ ಕೊನೆಗಾರನನ್ನು ಈ ಜಗುಲಿಯಲ್ಲಿ ನಿಲ್ಲಿಸಿ ಮಾತಾಡಿದೆ. ಅವನು ಎದುರಾಡಲಿಲ್ಲ, ಹಗ್ಗ ಹೆಗಲಿಗೆ ಹಾಕಿಕೊಂಡು ಹೋದ. ಎರಡನೇ ಸಲ ಔಷಧಿ ಹೊಡೆಸಿದೆವು, ಆಮೇಲೂ ಉದುರಿತು. ಕೊನೆಗೆ ಒಂದು ದಿನ ಕಾಯಿ ಕೊಯ್ದು ನೋಡಿದೆ. ಒಳಗೆ ಸೂಜಿ ಚುಚ್ಚಿದ ಹಾಗೆ ಕಪ್ಪು ಗುರುತು. ತಿಗಣೆ ರಸ ಹೀರಿತ್ತು. ಕೊಳೆ ಆಗಿರಲೇ ಇಲ್ಲ.

— ಆಮೇಲೆ?

— ಅವನ ಮನೆಗೆ ಹೋಗಿ ತಪ್ಪಾಯಿತು ಅಂದೆ. ಅವನು ಬಂದ, ದೊಡ್ಡ ಮನಸ್ಸು. ಆದರೆ ಅವತ್ತಿನಿಂದ ನನಗೆ ಈ ಪಾಠ ಪುಸ್ತಕದ್ದಾಗಿ ಉಳಿಯಲಿಲ್ಲ. ಒಂದು ಪರಿಣಾಮಕ್ಕೆ ಒಂದೇ ಕಾರಣ ಅಂತ ಹಟ ಹಿಡಿದವನಿಗೆ ತನ್ನ ಲೆಕ್ಕ ತಪ್ಪಿದಾಗ ಒಬ್ಬ ಅಪರಾಧಿ ಬೇಕಾಗುತ್ತದೆ. ಸಿಗುವವನು ಸಾಮಾನ್ಯವಾಗಿ ಬಡವ.

— ಇದನ್ನು ಪ್ರಶ್ನೆ ಮಾಡಿ ಕೊಡಿ ದೊಡ್ಡಪ್ಪ. ಬಿಡಿಸ್ತೇನೆ.

— ಬರೆದುಕೋ. ನಾಲ್ಕು ತೋಟ, ನಾಲ್ಕರಲ್ಲೂ ಬಿಡದ ಮಳೆ. ಮೊದಲ ತೋಟ: ಔಷಧಿ ಹೊಡೆದಿಲ್ಲ, ತಿಗಣೆ ಇದೆ, ಕಾಯಿ ಉದುರಿತು. ಎರಡನೆಯದು: ಔಷಧಿ ಹೊಡೆದಿದೆ, ತಿಗಣೆ ಇಲ್ಲ, ಉದುರಲಿಲ್ಲ. ಮೂರನೆಯದು: ಹೊಡೆದಿಲ್ಲ, ತಿಗಣೆ ಇಲ್ಲ, ಉದುರಿತು. ನಾಲ್ಕನೆಯದು: ಹೊಡೆದಿದೆ, ತಿಗಣೆ ಇದೆ, ಉದುರಿತು. ಕಾರಣ ಏನು?

— ಉದುರಿದ್ದು ಒಂದು, ಮೂರು, ನಾಲ್ಕು. ಮೂರಕ್ಕೂ ಸಮಾನವಾದದ್ದು ಮಳೆ ಒಂದೇ. ಆದ್ದರಿಂದ ಮಳೆ... ತಾಳಿ, ಎರಡನೇ ತೋಟದಲ್ಲೂ ಮಳೆ ಇದೆ, ಅಲ್ಲಿ ಉದುರಿಲ್ಲ.

— ಎಲ್ಲರೂ ಬೀಳುವ ಗುಂಡಿ ಇದೇ. ಪರಿಣಾಮ ಇರುವ ಕಡೆ ಸಮಾನವಾದದ್ದನ್ನು ಹುಡುಕುವುದು ಅನ್ವಯದ ದಾರಿ. ಇಂಗ್ಲೆಂಡಿನ ಜಾನ್ ಸ್ಟುವರ್ಟ್ ಮಿಲ್ 1843ರಲ್ಲಿ ತರ್ಕದ ಮೇಲೆ ದೊಡ್ಡ ಗ್ರಂಥ ಬರೆದು ಇಂಥ ಐದು ದಾರಿಗಳನ್ನು ಹೆಸರಿಟ್ಟು ಕೊಟ್ಟ. ಕೊಟ್ಟವನೇ ಒಂದು ಎಚ್ಚರಿಕೆಯನ್ನೂ ಹೇಳಿದ: ಒಂದು ಪರಿಣಾಮಕ್ಕೆ ಹಲವು ಕಾರಣಗಳಿರುವ ಕಡೆ ಅನ್ವಯದ ದಾರಿ ಕೈಕೊಡುತ್ತದೆ. ಹುಲ್ಲಿನ ಬೆಂಕಿ, ಅರಣಿಯ ಬೆಂಕಿ, ಮಣಿಯ ಬೆಂಕಿ, ಮೂರನ್ನೂ ಪಕ್ಕದಲ್ಲಿಟ್ಟು ಸಮಾನವಾದದ್ದು ಏನು ಅಂತ ಹುಡುಕಿದರೆ ಸಿಗುವುದು ಏನು? ಮೂರನ್ನೂ ನೋಡುತ್ತ ನಿಂತಿದ್ದ ಕತ್ತೆ ಸಿಗಬಹುದು.

— ಕತ್ತೆ ಎಲ್ಲಿಂದ ಬಂತು?

— ಅದೂ ನೈಯಾಯಿಕರದೇ. ಕುಂಬಾರನ ಮಣ್ಣು ಹೊತ್ತು ತಂದ ಕತ್ತೆ ಮಡಕೆಗೆ ಮೊದಲು ಅಲ್ಲಿತ್ತು, ನಿಜ. ಹಾಗಂತ ಅದು ಕಾರಣವಲ್ಲ. ಮಣ್ಣು ತಲೆಹೊರೆಯಲ್ಲೂ ಬರಬಹುದಿತ್ತು. ಕುಂಬಾರನ ಅಪ್ಪನೂ ಹಾಗೇ, ಕೋಲಿನ ಬಣ್ಣವೂ ಹಾಗೇ. ಇಂಥವನ್ನು ಅನ್ಯಥಾಸಿದ್ಧ ಅಂತ ಕರೆದು ಪಟ್ಟಿಯಿಂದ ಹೊರಗೆ ಹಾಕಿದರು. ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ನಾವು ಹೇಳುವುದು ಅದನ್ನೇ. ಈಗ ನಿನ್ನ ತೋಟಕ್ಕೆ ಬಾ. ಉದುರಿದ ತೋಟಗಳನ್ನು ಒಂದಕ್ಕೊಂದು ಹೋಲಿಸಬೇಡ. ಉದುರಿದ್ದನ್ನು ಉದುರದ್ದರ ಜೊತೆ ಹೋಲಿಸು, ಅದೂ ಒಂದೇ ಒಂದು ವ್ಯತ್ಯಾಸ ಇರುವ ಜೋಡಿ ಆರಿಸು.

— ಎರಡು ಮತ್ತು ಮೂರು. ಮಳೆ ಎರಡಕ್ಕೂ ಇದೆ, ತಿಗಣೆ ಎರಡಕ್ಕೂ ಇಲ್ಲ. ವ್ಯತ್ಯಾಸ ಔಷಧಿ ಒಂದೇ. ಹಾಗಾಗಿ ಔಷಧಿ ಹೊಡೆಯದಿರುವುದು ಒಂದು ಕಾರಣ. ಎರಡು ಮತ್ತು ನಾಲ್ಕು. ಮಳೆ, ಔಷಧಿ ಸಮ. ವ್ಯತ್ಯಾಸ ತಿಗಣೆ ಒಂದೇ. ಹಾಗಾಗಿ ತಿಗಣೆ ಇನ್ನೊಂದು ಕಾರಣ.

— ಮೊದಲನೇ ತೋಟ?

— ಅಲ್ಲಿ ಎರಡೂ ಇವೆ. ಯಾವುದು ಉದುರಿಸಿತು ಅಂತ ಹೇಳಲಾಗಲ್ಲ. ಎರಡೂ ಇರಬಹುದು.

— ಮತ್ತೆ ಮಳೆ? ಅದು ಕಾರಣವೇ ಅಲ್ಲವೋ?

— ಎರಡನೇ ತೋಟದಲ್ಲಿ ಇದ್ದೂ ಉದುರಲಿಲ್ಲವಲ್ಲ, ಹಾಗಾಗಿ ಅಲ್ಲ.

— ಅವಸರ. ಮಳೆಯೊಂದೇ ಸಾಲದು ಅಂತಷ್ಟೇ ಅದರಿಂದ ಬರುತ್ತದೆ. ಬೇಡವೇ ಬೇಡ ಅಂತ ಬರುವುದಿಲ್ಲ. ನಿನ್ನ ನಾಲ್ಕು ತೋಟದಲ್ಲಿ ಮಳೆ ಇಲ್ಲದ ತೋಟವೇ ಇಲ್ಲ. ಎಲ್ಲೂ ಬದಲಾಗದ ಸಂಗತಿಯ ಬಗ್ಗೆ ಈ ಪಟ್ಟಿಗೆ ಬಾಯಿಲ್ಲ. ಐದನೆಯದು ಸೇರಿಸುತ್ತೇನೆ: ಬಯಲುಸೀಮೆಯ ತೋಟ, ಮಳೆ ಇಲ್ಲ, ಔಷಧಿ ಇಲ್ಲ, ತಿಗಣೆ ಇಲ್ಲ, ಉದುರಲಿಲ್ಲ.

— ಮೂರನೆಯದಕ್ಕೂ ಐದನೆಯದಕ್ಕೂ ವ್ಯತ್ಯಾಸ ಮಳೆ ಮಾತ್ರ! ಹಾಗಾದರೆ ಮಳೆ ಬೇಕು, ಔಷಧಿ ಇಲ್ಲದಿರಬೇಕು, ಎರಡೂ ಸೇರಿದರೆ ಉದುರುತ್ತದೆ. ಅಥವಾ ತಿಗಣೆ ಬಂದರೆ ಉದುರುತ್ತದೆ.

— ತಿಗಣೆಗೂ ಮಳೆ ಬೇಕೋ?

— ಅದು... ಮಳೆಯಿಲ್ಲದೆ ತಿಗಣೆ ಇರುವ ತೋಟ ಪಟ್ಟಿಯಲ್ಲಿಲ್ಲ. ಹೇಳಲಾಗಲ್ಲ.

— ಭೇಷ್. 'ಕೊಟ್ಟ ಮಾಹಿತಿಯಿಂದ ಹೇಳಲಾಗದು' ಅನ್ನುವ ಉತ್ತರ ಬರೆಯಲು ಧೈರ್ಯ ಬೇಕು, ಅದು ಬಂದರೆ ನಿನಗೆ ಪರೀಕ್ಷೆ ಹೆದರಬೇಕು. ಈಗ ನೀನು ಕಟ್ಟಿದ್ದನ್ನು ನೋಡು. ಮಳೆ, ಕೊಳೆ ತರುವ ಬೂಷ್ಟು, ಔಷಧಿ ಇಲ್ಲದಿರುವುದು, ಇವು ಸೇರಿ ಒಂದು ದಂಡ-ಚಕ್ರ. ತಿಗಣೆ ಮತ್ತು ಅದಕ್ಕೆ ಬೇಕಾದದ್ದು ಸೇರಿ ಇನ್ನೊಂದು ದಂಡ-ಚಕ್ರ. ಈ ಎರಡು ಗುಂಪುಗಳ ನಡುವೆ ಹುಲ್ಲು-ಅರಣಿಯ ಸಂಬಂಧ. ಲೋಕದಲ್ಲಿ ಕಾರಣಗಳು ಹೆಚ್ಚಾಗಿ ಹೀಗೇ ಇರುತ್ತವೆ. 1965ರಲ್ಲಿ ಜೆ. ಎಲ್. ಮ್ಯಾಕಿ ಎಂಬ ತತ್ವಜ್ಞ ಮನೆಗೆ ಬೆಂಕಿ ಬಿದ್ದ ಉದಾಹರಣೆ ಇಟ್ಟುಕೊಂಡು ಇದನ್ನೇ ಬಿಡಿಸಿದ. ಶಾರ್ಟ್ ಸರ್ಕ್ಯೂಟ್ ಕಾರಣ ಅನ್ನುತ್ತೇವೆ. ಆದರೆ ಅದೊಂದೇ ಸಾಲದು, ಹತ್ತಿರದಲ್ಲಿ ಹೊತ್ತಿಕೊಳ್ಳುವಂಥದ್ದು ಇರಬೇಕು. ಅದು ಅನಿವಾರ್ಯವೂ ಅಲ್ಲ, ಸೀಮೆಎಣ್ಣೆ ದೀಪ ಉರುಳಿದರೂ ಮನೆ ಸುಡುತ್ತಿತ್ತು. ಆದರೂ ತನ್ನ ಗುಂಪಿನೊಳಗೆ ಅದಿಲ್ಲದೆ ನಡೆಯುವುದಿಲ್ಲ. ನಾವು ದಿನಬಳಕೆಯಲ್ಲಿ 'ಕಾರಣ' ಅನ್ನುವುದು ಇಂಥ ಒಂದು ತುಂಡನ್ನು.

— ಪುಸ್ತಕದ ತೋಟ ಬಿಡಿಸಬಹುದು ದೊಡ್ಡಪ್ಪ. ನಿಜವಾದ ತೋಟದಲ್ಲಿ ಒಂದೇ ವ್ಯತ್ಯಾಸ ಇರುವ ಜೋಡಿ ಎಲ್ಲಿ ಸಿಗುತ್ತದೆ?

— ಅಪರೂಪಕ್ಕೆ ಸಿಗುತ್ತದೆ, ಸಿಕ್ಕಾಗ ನೋಡುವ ಕಣ್ಣು ಬೇಕು. ಕೊಳೆಗೆ ಹೊಡೆಯುವ ಈ ಬೋರ್ಡೋ ದ್ರಾವಣವೇ ಹಾಗೆ ಸಿಕ್ಕಿದ್ದು. ಫ್ರಾನ್ಸಿನ ಬೋರ್ಡೋ ಕಡೆ ದ್ರಾಕ್ಷಿ ತೋಟಗಳಿಗೆ ಬೂಜುರೋಗ ಬಂದಿತ್ತು. ದಾರಿಹೋಕರು ಹಣ್ಣು ಕದಿಯುತ್ತಾರೆಂದು ಅಲ್ಲಿನವರು ರಸ್ತೆ ಬದಿಯ ಸಾಲುಗಳಿಗೆ ಮೈಲುತುತ್ತ, ಸುಣ್ಣ ಕಲಸಿ ಬಳಿಯುತ್ತಿದ್ದರು. ನೀಲಿ ಬಣ್ಣ ನೋಡಿ ವಿಷ ಅಂದುಕೊಂಡು ಯಾರೂ ಮುಟ್ಟಬಾರದು, ಅಷ್ಟೇ ಉದ್ದೇಶ. 1882ರಲ್ಲಿ ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ಆ ದಾರಿಯಲ್ಲಿ ಹೋಗುವಾಗ ಕಂಡ: ಒಳಗಿನ ಬಳ್ಳಿಗಳ ಎಲೆ ಉದುರಿವೆ, ರಸ್ತೆ ಬದಿಯವು ಹಸಿರಾಗಿವೆ. ಅದೇ ಮಣ್ಣು, ಅದೇ ಮಳೆ, ಅದೇ ಬಳ್ಳಿ. ವ್ಯತ್ಯಾಸ ಆ ಬಳಿದದ್ದು ಒಂದೇ. ಮೂರು ವರ್ಷ ಪರೀಕ್ಷೆ ಮಾಡಿ 1885ರಲ್ಲಿ ಪ್ರಕಟಿಸಿದ. ಕೆನಡಾದಿಂದ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್ ನಮ್ಮ ಕೊಳೆರೋಗದ ಬೆನ್ನು ಹತ್ತಿದ, 1910ರಲ್ಲಿ ಅದರ ಬಗ್ಗೆ ಬರೆದ. ಮಲೆನಾಡಿನ ಅಡಿಕೆಮರಕ್ಕೆ ಈ ದ್ರಾವಣ ಹತ್ತಿದ್ದು ಅವನಿಂದ. ಅದಕ್ಕೆ ಮುಂಚೆ ಅಡಿಕೆಗೊನೆಗೆ ಕೊಟ್ಟೆಯ ಹೊದಿಕೆ ಕಟ್ಟಿ ಮಳೆನೀರು ತಾಗದ ಹಾಗೆ ಮಾಡುತ್ತಿದ್ದರು. ಇಬ್ಬರೂ ಒಂದೇ ಸರಪಣಿಯ ಬೇರೆ ಬೇರೆ ಕೊಂಡಿ ಬಿಚ್ಚಿದರು ನೋಡು. ನಮ್ಮ ಅಜ್ಜಂದಿರು ಮಳೆಯ ಕೊಂಡಿ, ಕೋಲ್ಮನ್ ಬೂಷ್ಟಿನ ಕೊಂಡಿ.

— ಮೈಲುತುತ್ತ, ಸುಣ್ಣ, ಎರಡರಲ್ಲಿ ಕೆಲಸ ಮಾಡೋದು ಯಾವುದು?

— ಬೂಷ್ಟನ್ನು ಕೊಲ್ಲುವುದು ತಾಮ್ರ. ಸುಣ್ಣ ಇಲ್ಲದಿದ್ದರೆ ಆ ತುತ್ತ ಎಲೆಯನ್ನೇ ಸುಡುತ್ತದೆ. ನೂರು ಲೀಟರಿಗೆ ಒಂದೊಂದು ಕಿಲೋ, ಎರಡೂ ಬೇಕು. ಇನ್ನು ಒಂದು ಮಾತು ಉಳಿದಿದೆ, ನನಗೆ ತುಂಬ ಇಷ್ಟದ್ದು. ನೈಯಾಯಿಕರಿಗೆ ಹುಲ್ಲು-ಅರಣಿ ಒಂದು ತಲೆನೋವಾಗಿತ್ತು. ಕಾರಣ ಅಂದರೆ ಪರಿಣಾಮಕ್ಕೆ ಮೊದಲು ತಪ್ಪದೆ ಇರುವಂಥದ್ದು ಅಂತ ಲಕ್ಷಣ ಕಟ್ಟಿದ್ದರು. ಹುಲ್ಲಿಲ್ಲದೆಯೂ ಬೆಂಕಿ ಹುಟ್ಟುವುದಾದರೆ ಹುಲ್ಲು ತಪ್ಪಿತು, ಅಂದರೆ ಅದು ಕಾರಣವಲ್ಲವೇ? ಅವರು ಕೊಟ್ಟ ಉತ್ತರ ಕೇಳು: ಹುಲ್ಲಿನ ಬೆಂಕಿ, ಅರಣಿಯ ಬೆಂಕಿ, ಮಣಿಯ ಬೆಂಕಿ ಮೂರೂ ಬೇರೆ ಬೇರೆ ಜಾತಿಯ ಬೆಂಕಿ. ನಾವು ಒಂದೇ ಹೆಸರಿನಿಂದ ಕರೆಯುತ್ತಿದ್ದೇವೆ.

— ಇದು ತಪ್ಪಿಸಿಕೊಳ್ಳುವ ಉತ್ತರದ ಹಾಗಿದೆ.

— ನಾನೂ ನಿನ್ನ ವಯಸ್ಸಿನಲ್ಲಿ ಹಾಗೇ ಅಂದುಕೊಂಡಿದ್ದೆ. ಆ ಕಪ್ಪು ಗುರುತು ನೋಡಿದ ದಿನ ಅಭಿಪ್ರಾಯ ಬದಲಾಯಿತು. ಬೆಂಕಿಯ ವಿಷಯದಲ್ಲಿ ಅವರು ಹೇಳಿದ್ದು ಸರಿಯೋ ಅಲ್ಲವೋ, ದಾರಿ ಮಾತ್ರ ಸರಿ. ಪರಿಣಾಮ ಒಂದೇ ಅಂತ ಕಂಡಾಗ ಪರಿಣಾಮದ ಹತ್ತಿರ ಹೋಗಿ ನೋಡು, ಅದು ಬೇರೆ ಬೇರೆ ಇರಬಹುದು. ದೂರದಿಂದ 'ಸಾವು' ಒಂದೇ. ವೈದ್ಯರು ಶವಪರೀಕ್ಷೆ ಮಾಡಿದರೆ ನೀರಿನಲ್ಲಿ ಮುಳುಗಿದ ಸಾವು ಬೇರೆ, ವಿಷದ ಸಾವು ಬೇರೆ. ದೂರದಿಂದ 'ಕಾಯಿ ಉದುರಿತು' ಒಂದೇ. ನಾನು ನಾಲ್ಕು ವರ್ಷದ ಹಿಂದೆ ಈ ಜಗುಲಿಯಿಂದ ನೋಡುತ್ತಿದ್ದದ್ದು ಅದನ್ನೇ. ಬುಟ್ಟಿ ಇತ್ತ ತಾ, ಆ ಕತ್ತಿಯೂ ಕೊಡು. ಈ ಕಾಯಿ ನೋಡು, ತೊಟ್ಟಿನ ಹತ್ತಿರ ನೀರು ಕುಡಿದ ಹಾಗೆ ಕಡುಹಸಿರು ಕಲೆ. ಇದರ ಮೇಲೆ ಬಿಳಿ ಬೂಷ್ಟು ಬಂದಿದೆ.

— ಇದು ಕೊಳೆ. ಇನ್ನೊಂದು ನಾನು ಕೊಯ್ತೇನೆ. ಇದರ ಸಿಪ್ಪೆ ಮೇಲೆ ಏನೂ ಕಾಣಲ್ಲ. ಒಳಗೆ ಚುಕ್ಕೆ ಇದೆ, ಕಪ್ಪಾಗಿದೆ. ತಿಗಣೆ.

— ಎರಡು ರಾಶಿ ಮಾಡು. ಎರಡೂ ಗುರುತಿಲ್ಲದ್ದು ಸಿಕ್ಕರೆ ಮೂರನೇ ರಾಶಿ. ಮರ ಹೊರಲಾರದಷ್ಟು ಕಾಯಿ ಕಚ್ಚಿದಾಗಲೂ ಒಂದಷ್ಟು ಉದುರುತ್ತವೆ, ಬೇಸಿಗೆಯ ಕಾವಿಗೂ ಉದುರುತ್ತವೆ.

— ಈ ಪ್ರಶ್ನೆಗೆ ಉತ್ತರ ಹೇಳಿ: ಒಂದು ಕಾಯಿಯಲ್ಲಿ ತಿಗಣೆ ಗುರುತು ಸಿಕ್ಕಿತು ಅಂದರೆ ತೋಟದಲ್ಲಿ ಕೊಳೆ ಇಲ್ಲ ಅಂತ ಹೇಳಬಹುದಾ?

— ಇಲ್ಲ. ಒಂದು ಕಾರಣ ಸಿಕ್ಕ ಕೂಡಲೇ ಮಿಕ್ಕವುಗಳ ಮೇಲಿನ ಅನುಮಾನ ಇಳಿಯುತ್ತದೆ, ಅದು ಮನಸ್ಸಿಗೆ ಸಹಜ, ಲೆಕ್ಕಕ್ಕೂ ಸರಿ. ಆದರೆ ಇಳಿಯುವುದು ಬೇರೆ, ಅಳಿಯುವುದು ಬೇರೆ. ನಾನು ಆ ವರ್ಷ ಮೊದಲು ಕೊಳೆ ಅಂತ ನಂಬಿ ತಿಗಣೆ ನೋಡಲಿಲ್ಲ. ಮರುವರ್ಷ ತಿಗಣೆ ಅಂತ ನಂಬಿ ಔಷಧಿ ತಡ ಮಾಡಿದ್ದರೆ ಕೊಳೆ ಬಂದು ಪೂರ್ತಿ ಹೋಗುತ್ತಿತ್ತು. ಮಳೆ ಹಿಡಿಯುವ ಮುಂಚೆಯೇ ಒಂದು ಸುತ್ತು ಹೊಡೆಯಬೇಕು, ನಲವತ್ತು ದಿನ ಬಿಟ್ಟು ಇನ್ನೊಂದು. ಆ ಬಾಗಿಲು ತೆರೆದಿಡುವ ಹಾಗಿಲ್ಲ.

— ಎಷ್ಟಾಯಿತು ಲೆಕ್ಕ ಹಾಕ್ತೀನಿ. ಕೊಳೆ ಹನ್ನೊಂದು. ತಿಗಣೆ ಏಳು. ಏನೂ ಇಲ್ಲದ್ದು ಮೂರು. ಈ ಕಡೆಯದು ನೋಡಿ ದೊಡ್ಡಪ್ಪ, ತೊಟ್ಟಿನ ಹತ್ತಿರ ಕಲೆಯೂ ಇದೆ, ಒಳಗೆ ಚುಕ್ಕೆಯೂ ಇದೆ. ಇದು ಯಾವ ರಾಶಿಗೆ?

— ಮೊದಲನೇ ತೋಟ.

— ಅಂದರೆ ಇದಕ್ಕೆ ನಾಲ್ಕನೇ ರಾಶಿ ಮಾಡಲಾ?

— ಮಾಡು. ಎಲ್ಲ ರಾಶಿಯನ್ನೂ ಹಾಗೇ ಬಿಡು, ಎತ್ತಬೇಡ. ನಾಳೆ ಬೆಳಿಗ್ಗೆ ಕೊನೆಗಾರ ಬರುತ್ತಾನೆ, ಅವನಿಗೂ ತೋರಿಸಬೇಕು. ಯಾವ ಸಾಲಿನ ಮರದ ಕೆಳಗೆ ಯಾವುದು ಬಿದ್ದಿದೆ ಅಂತ ನಮಗಿಂತ ಅವನಿಗೆ ಗೊತ್ತಿರುತ್ತದೆ.